ಗಾಯ ಮಾಯದಿದ್ದಾಗ ಸಕ್ಕರೆಯೊಂದನ್ನೇ ದೂರಬೇಡಿ

"ಶುಗರ್ ಕಂಟ್ರೋಲ್‌ನಲ್ಲೇ ಇದೆಯಲ್ಲ ಡಾಕ್ಟ್ರೇ, ಆದ್ರೂ ಗಾಯ ಯಾಕೆ ಒಣಗ್ತಿಲ್ಲ?" ಚಪ್ಪಲಿ ಉಜ್ಜಿ ಎದ್ದ ಬೊಬ್ಬೆ ಒಡೆದು, ತಿಂಗಳಾದರೂ ಹಸಿಯಾಗಿಯೇ ಇರುವ ಕಾಲನ್ನು ತೋರಿಸುತ್ತಾ ಅನೇಕರು ಹೀಗೆ ಕೇಳುತ್ತಾರೆ. ಗಾಯ ಮಾಯಲು ಅಲ್ಲಿಗೆ ರಕ್ತ ಚೆನ್ನಾಗಿ ಹರಿಯಬೇಕು, ಹಾಗಾಗಿ ಅಂಥವರಿಗೆ ನಾನು ರಕ್ತನಾಳದ ರಿಪೇರಿಯ ಬಗ್ಗೆ ಹೇಳಲೇಬೇಕಾಗುತ್ತದೆ.

ರಕ್ತನಾಳದ ಒಳಮೈಗೆ ಒಂದೇ ಪದರದ ಜೀವಕೋಶಗಳ ಹೊದಿಕೆಯಿದೆ. ಅದೇ ಎಂಡೋಥೀಲಿಯಂ. ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಅಲ್ಲೇ ತಯಾರಾಗುತ್ತದೆ. ಈ ಪದರ ಸವೆದರೆ ಅಕ್ಕಪಕ್ಕದ ಕೋಶಗಳೇ ಬೆಳೆದು ಜಾಗ ತುಂಬುತ್ತವೆ ಎಂದು ಬಹುಕಾಲ ತಿಳಿಯಲಾಗಿತ್ತು. 1997ರಲ್ಲಿ ಬಾಸ್ಟನ್‌ನ ಸಂಶೋಧಕರಾದ ತಕಾಯುಕಿ ಅಸಹಾರ, ಜೆಫ್ರಿ ಇಸ್ನರ್ ಮತ್ತು ಸಂಗಡಿಗರು ವಯಸ್ಕರ ರಕ್ತದಲ್ಲೇ ಈ ರಿಪೇರಿ ಕೆಲಸದ ಕೋಶಗಳಿವೆ ಎಂದು ತೋರಿಸಿದರು. ಅವುಗಳಲ್ಲಿ ಹೆಚ್ಚಿನವು ತಾವೇ ನಾಳದ ಗೋಡೆಯಾಗುವುದಿಲ್ಲ, ಪೆಟ್ಟಾದ ಜಾಗಕ್ಕೆ ಬಂದು ಬೆಳವಣಿಗೆಯ ಅಂಶಗಳನ್ನು ಸ್ರವಿಸಿ ಅಲ್ಲಿನ ಕೋಶಗಳನ್ನು ಎಬ್ಬಿಸುತ್ತವೆ ಎಂಬುದು ಆಮೇಲೆ ಸ್ಪಷ್ಟವಾಯಿತು.

ಡಯಾಬಿಟಿಸ್ ಇರುವವರ ರಕ್ತದಲ್ಲಿ ಈ ಕೋಶಗಳ ಸಂಖ್ಯೆ ಕಡಿಮೆ. ಇರುವವೂ ಸರಿಯಾಗಿ ಅಂಟಿಕೊಳ್ಳುವುದಿಲ್ಲ, ಬೆಳೆಯುವುದಿಲ್ಲ. ಅಸ್ಥಿಮಜ್ಜೆಯಿಂದ ಅವು ಹೊರಬರಲಿಕ್ಕೂ ನೈಟ್ರಿಕ್ ಆಕ್ಸೈಡ್ ಬೇಕು, ಡಯಾಬಿಟಿಸ್‌ನಲ್ಲಿ ಅದೇ ಕಡಿಮೆ. ಇದರ ಜೊತೆಗೆ ಉರಿಯೂತ. ಹೊಟ್ಟೆಯೊಳಗಿನ ಕೊಬ್ಬಿಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ನುಗ್ಗಿ ಟಿಎನ್‌ಎಫ್ ಆಲ್ಫಾ, ಐಎಲ್-6ನಂಥ ಉರಿಯೂತ ಹೆಚ್ಚಿಸುವ ವಸ್ತುಗಳನ್ನು ಸುರಿಸುತ್ತಿರುತ್ತವೆ. ಜ್ವರವಿಲ್ಲ, ನೋವಿಲ್ಲ, ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಸವೆತ ಹೆಚ್ಚುತ್ತದೆ, ರಿಪೇರಿ ಕುಗ್ಗುತ್ತದೆ. ಸಕ್ಕರೆ ಡಯಾಬಿಟಿಸ್ ಮಟ್ಟ ಮುಟ್ಟುವ ಮೊದಲೇ, ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ, ರಕ್ತದ ಕೊಬ್ಬು ಒಟ್ಟೊಟ್ಟಿಗೆ ಕೆಡುವ ಮೆಟಬಾಲಿಕ್ ಸಿಂಡ್ರೋಮ್ ಹಂತದಲ್ಲೇ ಇದು ಶುರುವಾಗಿರಬಹುದು ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಆದ್ದರಿಂದಲೇ ನನ್ನ ಮೇಜಿನ ಮೇಲೆ ಗ್ಲುಕೋಮೀಟರ್ ಪಕ್ಕದಲ್ಲಿ ಅಳತೆ ಟೇಪೂ ಇರುತ್ತದೆ. ಪ್ಯಾಂಟಿನ ಸೈಜ್ ನಂಬಬೇಡಿ, ಬೆಲ್ಟ್ ಹೊಟ್ಟೆಯ ಕೆಳಗೆ ಜಾರಿರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ ಟೇಪ್ ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದಿರುವವರು "ನಾನೇನು ದಪ್ಪ ಇಲ್ವಲ್ಲ" ಅನ್ನುತ್ತಾರೆ. ಟೇಪ್ ಬೇರೆಯೇ ಹೇಳುತ್ತದೆ.

ಬೀಡಿ, ಸಿಗರೇಟು ಬಿಟ್ಟ ಕೆಲವೇ ವಾರಗಳಲ್ಲಿ ರಕ್ತದಲ್ಲಿನ ಈ ರಿಪೇರಿ ಕೋಶಗಳು ಏರುತ್ತವೆ, ನಿಯಮಿತ ವ್ಯಾಯಾಮದಿಂದಲೂ ಏರುತ್ತವೆ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಕೂಡ ಉರಿಯೂತ ತಗ್ಗಿಸುತ್ತದೆ, "ರಿಪೋರ್ಟ್ ನಾರ್ಮಲ್ ಬಂತು" ಎಂದು ನೀವೇ ನಿಲ್ಲಿಸಬೇಡಿ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರನ್ನು ಕಾಣಿ, ಉರಿಯೂತಕ್ಕೆ ಅದೂ ಒಂದು ಮೂಲ.

ಕಾಲಿನ ಗಾಯಕ್ಕೆ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚುಚ್ಚುಮದ್ದು ಕೊಡುತ್ತೇವೆ ಎಂಬ ಜಾಹೀರಾತು ನಂಬಿ ಸಾಲ ಮಾಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಅದು ಕ್ಲಿನಿಕಲ್ ಟ್ರಯಲ್‌ನಲ್ಲಷ್ಟೇ ಸಲ್ಲುತ್ತದೆ. ಟ್ರಯಲ್‌ನಲ್ಲಿ ರೋಗಿ ಆ ಚಿಕಿತ್ಸೆಗೆ ದುಡ್ಡು ಕಟ್ಟುವ ಹಾಗಿಲ್ಲ.

ಇನ್ನೊಂದು ಮಾತು. ನಡಿಗೆ ಒಳ್ಳೆಯದೆಂದು ಪಾದದಡಿ ಗಾಯ ಇಟ್ಟುಕೊಂಡೇ ನಡೆಯುವವರಿದ್ದಾರೆ. ಗಾಯ ಪೂರ್ತಿ ಮುಚ್ಚುವವರೆಗೆ ಆ ಕಾಲಿಗೆ ಭಾರ ಕೂಡದು. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತು ಕೈಗಳ ವ್ಯಾಯಾಮ ಮಾಡಿ.