ಸಲಮ್: ಬಿತ್ತಿದ ಬೆನ್ನಿಗೇ ಮಾರಿಹೋಗುವ ಅಫೀಮು

ಅಫ್ಘಾನಿಸ್ತಾನದ ಗಸಗಸೆ ಸೀಮೆಯಲ್ಲಿ ‘ಸಲಮ್’ ಎಂದರೆ ಫಸಲಿನ ಮೇಲಿನ ಮುಂಗಡ. ಕೈಯೆತ್ತಿ ಹೊಡೆಯುವ ಸಲಾಮಿಗೂ ಇದಕ್ಕೂ ಅರಬ್ಬಿ ಧಾತು ಒಂದೇ, ಅರ್ಥ ಬೇರೆ: ದುಡ್ಡು ಈಗ, ಮಾಲು ಆಮೇಲೆ. ಇಸ್ಲಾಮಿನಲ್ಲಿ ಬಡ್ಡಿಗೆ ನಿಷೇಧವಿದೆ, ಬೆಳೆಯನ್ನು ಮುಂಗಡ ಕೊಟ್ಟು ಕೊಳ್ಳುವುದಕ್ಕೆ ಆ ನಿಷೇಧವಿಲ್ಲ. ಮಲೆನಾಡಿನ ಅಡಿಕೆ ಚೇಣಿ, ಅಂದರೆ ಫಸಲನ್ನು ಕೊಯ್ಲಿಗೆ ಮುಂಚೆಯೇ ಗುತ್ತಿಗೆ ಕೊಡುವುದು, ಬಲ್ಲವರಿಗೆ ಅರ್ಧ ಅರ್ಥವಾಗಿರುತ್ತದೆ. ಉಳಿದರ್ಧ ಇರುವುದು ದರದಲ್ಲಿ.

ಚಳಿಗಾಲಕ್ಕೆ ಮನೆಯ ಗೋಧಿ ತಳ ಕಾಣುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಸಿಗುವ ಅಫೀಮಿಗೆ ವ್ಯಾಪಾರಿ ಆಗಲೇ ಹಣ ಕೊಡುತ್ತಾನೆ, ಅದೂ ಸಾಮಾನ್ಯವಾಗಿ ಆ ದಿನದ ಧಾರಣೆಯ ಅರ್ಧಕ್ಕೆ. ಗೋಧಿಗೆ ಇಷ್ಟು ಧೈರ್ಯವಾಗಿ ಯಾರೂ ಮುಂಗಡ ಕೊಡುವುದಿಲ್ಲ. ನಮ್ಮ ಪಾಯಸದ ಗಸಗಸೆ ಬಿಡುವ ಗಿಡವೇ ಇದು. ಹಸಿ ಕಾಯಿಗೆ ಮಧ್ಯಾಹ್ನದ ಮೇಲೆ ಸಣ್ಣ ಅಲಗಿನಿಂದ ಗೀರು ಹಾಕಿ, ರಾತ್ರಿಯಿಡೀ ಒಸರಿದ ಹಾಲನ್ನು ಬೆಳಗ್ಗೆ ಕೆರೆದು ತೆಗೆಯುತ್ತಾರೆ. ಹೀಗೆ ಒಂದೇ ಕಾಯಿಗೆ ಹಲವು ಸಲ. ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡದ, ಕತ್ತೆಯ ಬೆನ್ನ ಮೇಲೆ ಸಾಗುವ ಸರಕು. ಅಡಮಾನಕ್ಕೆ ಇದಕ್ಕಿಂತ ಒಳ್ಳೆಯದು ಏನಿದೆ?

ಸಾಲ ದುಡ್ಡಿನಲ್ಲಲ್ಲ, ತೂಕದಲ್ಲಿ ನಿಲ್ಲುತ್ತದೆ. ದಕ್ಷಿಣದ ಹೆಲ್ಮಂದ್ ಪ್ರಾಂತ್ಯದಲ್ಲಿ ಮಣದ ಲೆಕ್ಕ; ಅಲ್ಲಿನ ಮಣ 4.5 ಕೆಜಿ, ಹಳೇ ಮೈಸೂರಿನ ಮಣದ ಅರ್ಧಕ್ಕೂ ಕಡಿಮೆ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಕೆಜಿಗೆ 100 ಇದ್ದಾಗ 50ರಂತೆ ನಾಲ್ಕು ಕೆಜಿಗೆ ರೈತ 200 ತಂದ. ಕೊಯ್ಲಿಗೆ ಧಾರಣೆ ಹಾಗೇ ಇದ್ದರೂ ಕೊಡುವ ಮಾಲಿನ ಬೆಲೆ 400. ಆರು ತಿಂಗಳಿಗೆ ಇಮ್ಮಡಿ. ಅಷ್ಟರಲ್ಲಿ ಗಸಗಸೆ ನಾಶಕ್ಕೆಂದು ಯಾರೋ ಬಂದು ಹೊಲ ಉತ್ತು ಹಾಕಿದರೆ ನಾಲ್ಕು ಕೆಜಿ ಬಾಕಿ ಹಾಗೇ ಉಳಿಯಿತು. ಊರಿನಲ್ಲೆಲ್ಲ ಬೆಳೆ ಹೋದದ್ದರಿಂದ ಧಾರಣೆ 1,000 ಆಯಿತೆನ್ನಿ, ತಂದ 200ಕ್ಕೆ ತೀರಿಸಬೇಕಾದ್ದು 4,000. ಅದನ್ನು ತೀರಿಸಬಲ್ಲ ಬೆಳೆ ಇನ್ನೊಂದಿಲ್ಲ, ಗಸಗಸೆಯೇ.

ಇದು ಬರೀ ಕಲ್ಪನೆಯಲ್ಲ. ತಾಲಿಬಾನ್ 2000ರ ಜುಲೈಯಲ್ಲಿ ಬೆಳೆ ನಿಷೇಧಿಸಿದಾಗ 82,000 ಹೆಕ್ಟೇರ್ ಇದ್ದದ್ದು ಮರುವರ್ಷ 8,000ಕ್ಕೆ ಕುಸಿದು, ರೈತನಿಗೆ ಹೊಲದಲ್ಲೇ ಸಿಗುವ ಬೆಲೆ ಸುಮಾರು ಹತ್ತು ಪಟ್ಟಾಗಿತ್ತು. ಅಮೆರಿಕದ ಸೇನೆ 2001ರ ಅಕ್ಟೋಬರ್‌ನಲ್ಲಿ ದಾಳಿ ಆರಂಭಿಸಿದಾಗ ರೈತರ ತಲೆಯ ಮೇಲೆ ಈ ಸಾಲವಿತ್ತು. ಮುಂದಿನ ಬೆಳೆ 74,000 ಹೆಕ್ಟೇರ್.

ಹೊರಗಿನವರು ಈ ಸಾಲದ ಕಡತ ಬಿಚ್ಚಲೇ ಇಲ್ಲ. 2002ರಲ್ಲಿ ಬ್ರಿಟನ್ ಬೆಳೆ ಕಿತ್ತವರಿಗೆ ಪರಿಹಾರ ಕೊಡಲು ಹೊರಟಿತು. ಹಣ ಸ್ಥಳೀಯ ದಂಡನಾಯಕರ ಕೈಯಲ್ಲಿ ಕರಗಿತು, ಪರಿಹಾರದ ಆಸೆಗೆ ಬಿತ್ತಿದವರೂ ಇದ್ದರು. ನಂತರ ಗವರ್ನರ್‌ಗಳಿಗೆ ನಾಶವಾದ ಪ್ರತಿ ಹೆಕ್ಟೇರಿಗೆ 135 ಡಾಲರ್ ಖರ್ಚು ಕೊಡುವ ಯೋಜನೆ ಬಂತು. ಟ್ರ್ಯಾಕ್ಟರ್ ಹೋದದ್ದು ಪ್ರಭಾವವಿಲ್ಲದವರ, ಲಂಚ ಕೊಡಲಾಗದವರ ಹೊಲಕ್ಕೆ. ಸಲಮ್ ಹೆಚ್ಚಿದ್ದದ್ದೂ ಅವರ ಮೇಲೆಯೇ.

ನಂಗರ್‌ಹಾರ್ ಪ್ರಾಂತ್ಯವನ್ನು ದೊಡ್ಡ ಗೆಲುವೆಂದು ತೋರಿಸಲಾಗುತ್ತಿತ್ತು. 2004ರ 28,213 ಹೆಕ್ಟೇರ್ 2005ಕ್ಕೆ 1,093. ಸಾಲಗಾರರು ದನಕರು ಮಾರಿದರು, ಗಂಡಸರು ಪಾಕಿಸ್ತಾನಕ್ಕೆ ಕೂಲಿಗೆ ಹೋದರು, ಸಾಲದ ಬದಲಿಗೆ ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಟ್ಟ ಮನೆಗಳೂ ಇದ್ದವು. 2007ಕ್ಕೆ ಬೆಳೆ ಮತ್ತೆ 18,000 ಹೆಕ್ಟೇರ್ ದಾಟಿತು. ಗೋಧಿ ಬೀಜ, ಗೊಬ್ಬರ ಹಂಚಿದ್ದು ನಿಜ. ಚಳಿಗಾಲದ ಸಾಲ ಹಂಚಿದವನು ಮಾತ್ರ ಹಳೇ ವ್ಯಾಪಾರಿಯೇ.

2002ರಿಂದ 2017ರವರೆಗೆ ಅಮೆರಿಕ ಮಾದಕವಸ್ತು ತಡೆಗೆ ಇಟ್ಟ ಹಣ 862 ಕೋಟಿ ಡಾಲರ್. 2017ರ ಬೆಳೆ 3,28,000 ಹೆಕ್ಟೇರ್, ಅಲ್ಲಿಯವರೆಗಿನ ದಾಖಲೆ.

ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಮತ್ತೆ ನಿಷೇಧ ಹೇರಿತು. 2,33,000 ಹೆಕ್ಟೇರ್ ಇದ್ದದ್ದು 2023ಕ್ಕೆ 10,800. ಬೆಲೆ ಮತ್ತೆ ಏರಿತು. ಮನೆಯಲ್ಲಿ ದಾಸ್ತಾನು ಇಟ್ಟಿದ್ದ ಜಮೀನ್ದಾರನಿಗೆ ಅದು ಲಾಭ. ತೂಕದಲ್ಲಿ ಸಾಲ ಉಳಿಸಿಕೊಂಡ ಗೇಣಿದಾರನಿಗೆ ಅದೇ ಏರಿಕೆ ಹೆಚ್ಚಿದ ಬಾಕಿ.