ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಪ್ರಶ್ನೆ: ಇಳಿಜಾರು ಸಿಕ್ಕಾಗಲೆಲ್ಲ ಕಾರನ್ನು ನ್ಯೂಟ್ರಲ್‌ಗೆ ಹಾಕು, ಪೆಟ್ರೋಲ್ ಉಳಿಯುತ್ತೆ ಅಂತ ನಮ್ಮ ಮಾವ ಹೇಳುತ್ತಾರೆ. ನಿಜವಾ? ಖರ್ಚು ಇಳಿಸಲು ಬೇರೆ ದಾರಿ ಇದೆಯಾ?

ಉತ್ತರ: ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಸಾಧನ) ಇದ್ದ ಹಳೇ ಕಾರುಗಳ ಕಾಲಕ್ಕೆ ನಿಮ್ಮ ಮಾವನ ಮಾತು ಸರಿ. ಈಗಿನ ಕಾರುಗಳಲ್ಲಿ ಲೆಕ್ಕ ಉಲ್ಟಾ.

ಈಗ ಎಂಜಿನ್‌ಗೆ ಪೆಟ್ರೋಲ್ ಎಷ್ಟು ಬೇಕೆಂದು ತೀರ್ಮಾನಿಸುವುದು ಕಾರಿನೊಳಗಿನ ಕಂಪ್ಯೂಟರ್. ಗೇರ್‌ನಲ್ಲಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಆಗ ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಖರ್ಚು ಸೊನ್ನೆ! ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಎಂಜಿನ್‌ಗೂ ಸಂಬಂಧ ತಪ್ಪುತ್ತದೆ. ಎಂಜಿನ್ ಆಫ್ ಆಗದಿರಲು ಪೆಟ್ರೋಲ್ ಸುರಿಯಲೇಬೇಕು. ತೀರಾ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿದ್ದರೆ ಕಾರು ಸ್ವಲ್ಪ ಜಾಸ್ತಿ ದೂರ ಉರುಳುತ್ತದೆ, ಒಪ್ಪೋಣ. ಆದರೆ ಆಗ ಎಂಜಿನ್ನಿನ ಹಿಡಿತ ಇರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಘಾಟಿಯಲ್ಲಿ ಬ್ರೇಕ್ ಕಾದು ಕೈಕೊಟ್ಟರೆ ಏನು ಗತಿ?

ಹಾಗಾದರೆ ದುಡ್ಡು ಸೋರುವುದೆಲ್ಲಿ? ಊರೊಳಗೆ ಓಡಿಸುವವರಿಗೆ ನನ್ನ ಉತ್ತರ ಒಂದೇ: ಬ್ರೇಕಿನಲ್ಲಿ. ಕಾರಿಗೆ ವೇಗ ಬರುವುದು ಪೆಟ್ರೋಲ್ ಉರಿದು. ಬ್ರೇಕ್ ಒತ್ತಿದರೆ ಆ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಹೀಗೆ ಹಾಳಾಗುವ ಶಕ್ತಿ ನಾಲ್ಕು ಪಟ್ಟು. ಮುಂದೆ ಕೆಂಪು ಸಿಗ್ನಲ್ ಕಾಣುತ್ತಿದ್ದರೂ ರೊಯ್ಯನೆ ನುಗ್ಗಿ ಗಕ್ಕನೆ ನಿಲ್ಲಿಸುವವರನ್ನು ನೋಡಿರುತ್ತೀರಿ, ಅಲ್ವಾ? ದೂರದಿಂದಲೇ ಕಾಲು ತೆಗೆಯಿರಿ, ಗೇರ್ ಹಾಗೇ ಇರಲಿ. ಇಳಿಜಾರಿನಲ್ಲಿ ಸಿಗುವ ಆ ಸೊನ್ನೆ ಖರ್ಚು ಇಲ್ಲೂ ಸಿಗುತ್ತದೆ.

ಹೆದ್ದಾರಿಯಲ್ಲಿ ಕಥೆ ಬೇರೆ. ಅಲ್ಲಿ ಗಾಳಿಯದೇ ಕಾಟ. ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. 100 ಕಿ.ಮೀ. ದಾರಿಗೆ ಉಳಿಯುವುದು ಬರೀ 15 ನಿಮಿಷ. ಖಾಲಿ ಲಗೇಜ್ ಕ್ಯಾರಿಯರ್ ಸುಮ್ನೆ ಮೇಲೆ ಕೂತಿದ್ದರೆ ಬಿಚ್ಚಿಡಿ.

ಟೈರ್ ಗಾಳಿಯನ್ನು ಓಡಿಸುವ ಮೊದಲೇ, ಟೈರ್ ತಣ್ಣಗಿದ್ದಾಗ ನೋಡಿಸಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತದೆ. ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಬೇಕೆಂದು ಕಾರಿನ ಪುಸ್ತಕವೇ ಹೇಳದಿದ್ದರೆ ಅದರ ಗೊಡವೆ ಬೇಡ.

ಉಳಿತಾಯ ಆಗುತ್ತಿದೆಯೋ ಇಲ್ಲವೋ ತಿಳಿಯಲು ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮನೆಯಲ್ಲಿ ಎರಡು ಕಾರಿದ್ದರೆ ಕಡಿಮೆ ಮೈಲೇಜ್ ಕೊಡುವುದನ್ನೇ ಮೊದಲು ಸುಧಾರಿಸಿ. ಲೀಟರಿಗೆ 10 ಕೊಡುವ ಕಾರು 12 ಕೊಟ್ಟರೆ 1000 ಕಿ.ಮೀ.ಗೆ ಸುಮಾರು 17 ಲೀಟರ್ ಉಳಿತಾಯ. 20 ಕೊಡುವುದು 22 ಕೊಟ್ಟರೆ ಉಳಿಯುವುದು ನಾಲ್ಕೂವರೆ ಲೀಟರ್ ಅಷ್ಟೇ.