ಬೂತ್ ಮಟ್ಟದ ರಾಜಕೀಯ: ಕಾರ್ಯಕರ್ತರು ನಿಜವಾಗಿ ಏನು ಮಾಡುತ್ತಾರೆ?

ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಪಕ್ಷಗಳ ಅಧ್ಯಾಯ ತೆಗೆದರೆ ಸಿದ್ಧಾಂತ ಸಿಗುತ್ತದೆ, ಪ್ರಣಾಳಿಕೆ ಸಿಗುತ್ತದೆ, ಹೈಕಮಾಂಡ್ ಸಿಗುತ್ತದೆ. ಓಣಿಯಲ್ಲಿ ವೋಟರ್ ಲಿಸ್ಟ್ ಹಿಡಿದು ಮನೆ ಮನೆ ಸುತ್ತುವವರ ಬಗ್ಗೆ ಒಂದು ಸಾಲು ಸಿಕ್ಕರೆ ಪುಣ್ಯ. ಈ ಟಿಪ್ಪಣಿ ಅವರ ಬಗ್ಗೆ. ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವವರಿಗೂ ಎಂ.ಎ. ಮಾಡುತ್ತಿರುವವರಿಗೂ ಆಗುವಂತೆ ಬರೆದಿದ್ದೇನೆ. ಉದಾಹರಣೆಗಳೆಲ್ಲ ಕರ್ನಾಟಕದವು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಯಕರ್ತ ಅಂದರೆ ಬಾವುಟ, ಬೈಕ್ ರ‍್ಯಾಲಿ, ಜೈಕಾರ ಎಂದು ನಾವು ಅಂದುಕೊಂಡಿದ್ದೇವೆ. ಚುನಾವಣೆಯ ಮೇಲೆ ಅವರ ಹಿಡಿತ ಇರುವುದು ಬೇರೆ ಕಡೆ, ಮತದಾರರ ಪಟ್ಟಿಯಲ್ಲಿ. ಯಾರ ಹೆಸರು ಇದೆ, ಯಾರದ್ದು ಬಿಟ್ಟುಹೋಗಿದೆ, ಯಾರು ತೀರಿಕೊಂಡಿದ್ದಾರೆ, ಯಾರು ಮದುವೆಯಾಗಿ ಬೇರೆ ಊರಿಗೆ ಹೋದರು ಅನ್ನುವುದು ತಿಳಿದಿರುವುದು ಆ ಬೀದಿಯವರಿಗೆ ಮಾತ್ರ.

ಸಣ್ಣ ಅಂತರಗಳು

2004ರ ವಿಧಾನಸಭಾ ಚುನಾವಣೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಪಡೆದದ್ದು 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ಒಂದೇ ಒಂದು ವೋಟು. ಕೃಷ್ಣಮೂರ್ತಿಯವರ ಕಾರು ಚಾಲಕನಿಗೇ ಅವತ್ತು ವೋಟು ಹಾಕಲು ಪುರುಸೊತ್ತು ಸಿಗಲಿಲ್ಲ ಅನ್ನುವ ಕಥೆಯನ್ನು ಆ ಭಾಗದಲ್ಲಿ ಇಂದಿಗೂ ಹೇಳುತ್ತಾರೆ. ಇದೇ ಕೃಷ್ಣಮೂರ್ತಿ 2023ರಲ್ಲಿ ಕಾಂಗ್ರೆಸ್‌ನಿಂದ ಕೊಳ್ಳೇಗಾಲದಲ್ಲಿ ಗೆದ್ದರು.

2023ರಲ್ಲೂ ಇಂಥವು ಕಡಿಮೆ ಇರಲಿಲ್ಲ. ಬೆಂಗಳೂರಿನ ಜಯನಗರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಗಾಂಧಿನಗರದಲ್ಲಿ ಘೋಷಣೆಯಾದ ಅಂತರ 105, ಶೃಂಗೇರಿಯಲ್ಲಿ 201, ಮಾಲೂರಿನಲ್ಲಿ 248. ಒಂದು ಬೂತಿನಲ್ಲಿ ಸಾವಿರದಷ್ಟು ಮತದಾರರು ಇರುತ್ತಾರೆ. ಅಂದರೆ ಒಂದೇ ಬೂತಿನ ಒಂದೆರಡು ಬೀದಿಯವರು ಮನೆಯಲ್ಲೇ ಉಳಿದಿದ್ದರೆ ಫಲಿತಾಂಶ ತಿರುಗಿಬಿಡುತ್ತಿತ್ತು. ಪಕ್ಷಗಳು ಬೂತ್ ಬೂತ್ ಅಂತ ಜಪ ಮಾಡುವುದು ಸುಮ್ನೆ ಅಲ್ಲ.

ಬಿಎಲ್‌ಒ ಬೇರೆ, ಬಿಎಲ್‌ಎ ಬೇರೆ

ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬಿಎಲ್‌ಒ ಅಂದರೆ ಬೂತ್ ಮಟ್ಟದ ಅಧಿಕಾರಿ. ಇವರು ಚುನಾವಣಾ ಆಯೋಗದ ಕಡೆಯವರು. ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಂದಾಯ ಅಥವಾ ಪಂಚಾಯಿತಿ ಸಿಬ್ಬಂದಿ ಈ ಹೊಣೆ ಹೊರುತ್ತಾರೆ. ಬಿಎಲ್‌ಎ ಅಂದರೆ ಬೂತ್ ಮಟ್ಟದ ಏಜೆಂಟ್. ಇವರು ಮಾನ್ಯತೆ ಪಡೆದ ಪಕ್ಷದ ಕಡೆಯವರು. ಪಕ್ಷ ಇವರನ್ನು ಬರವಣಿಗೆಯಲ್ಲಿ ನೇಮಿಸುತ್ತದೆ. ಸಂಬಳ ಇಲ್ಲ.

ಬಿಎಲ್‌ಎ ಕೆಲಸ ಚುನಾವಣೆ ಘೋಷಣೆಯಾಗುವ ಮೊದಲೇ ಶುರು. ಕರಡು ಪಟ್ಟಿ ಬಂದಾಗ ಸಾಲು ಸಾಲಾಗಿ ನೋಡಬೇಕು. ಹದಿನೆಂಟು ತುಂಬಿದವರಿಂದ ಫಾರ್ಮ್ 6 ತುಂಬಿಸಬೇಕು. ತೀರಿಕೊಂಡವರ, ಊರು ಬಿಟ್ಟವರ ಹೆಸರಿಗೆ ಫಾರ್ಮ್ 7. ವಿಳಾಸ ಬದಲಾವಣೆ, ಹೆಸರಿನ ತಿದ್ದುಪಡಿಗೆ ಫಾರ್ಮ್ 8. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿದವರಿಗೆ ಮಾತ್ರ ಅವಕಾಶ ಇತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳು. ಇದನ್ನು ಪರೀಕ್ಷೆಯಲ್ಲಿ ಕೇಳುವ ಸಾಧ್ಯತೆ ಜಾಸ್ತಿ, ಬರೆದಿಟ್ಟುಕೊಳ್ಳಿ.

ಬಿಎಲ್‌ಎ ಒಬ್ಬರೇ ರಾಶಿ ಅರ್ಜಿ ತಂದು ಸುರಿಯುವಂತಿಲ್ಲ. ಸಾಮಾನ್ಯ ನಿಯಮದಲ್ಲಿ ದಿನಕ್ಕೆ 10ಕ್ಕಿಂತ ಹೆಚ್ಚು ಕೊಡುವಂತಿಲ್ಲ. ವಿಶೇಷ ಪರಿಷ್ಕರಣೆಯ ಕಾಲದಲ್ಲಿ ಈ ಮಿತಿ ಬದಲಾಗಬಹುದು. ತಾನೇ ಪರಿಶೀಲಿಸಿದ್ದೇನೆ ಎಂಬ ಘೋಷಣೆಗೆ ಸಹಿಯನ್ನೂ ಹಾಕಬೇಕು. ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ಪ್ರಕರಣ ನೋಡಿ. 2022ರ ಡಿಸೆಂಬರ್‌ನಲ್ಲಿ ಅಲ್ಲಿ ಹೆಸರು ತೆಗೆಯಿರಿ ಎಂದು 6,018 ಫಾರ್ಮ್ 7 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಅರ್ಜಿ ಹಾಕಿದವರೆಂದು ಹೆಸರಿದ್ದವರೇ ತಮಗೆ ಗೊತ್ತಿಲ್ಲ ಅಂದರು. ಬಿಎಲ್‌ಒ ಒಬ್ಬರಿಗೆ ತಮ್ಮ ಸಂಬಂಧಿಕರ ಹೆಸರೇ ತೆಗೆದುಹಾಕುವ ಪಟ್ಟಿಯಲ್ಲಿ ಕಂಡಿತು. ಸುದ್ದಿ ಸ್ಥಳೀಯ ರಾಜಕಾರಣಿಗಳ ಕಿವಿಗೆ ಬಿತ್ತು, ದೂರು ಹೋಯಿತು. ಒಂದೊಂದೇ ಅರ್ಜಿ ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು, ತನಿಖೆ ಸಿಐಡಿಗೆ, ಆಮೇಲೆ ಎಸ್‌ಐಟಿಗೆ ಹೋಯಿತು. ಈ ಪ್ರಕರಣದ ರಾಜಕೀಯ ವಾದ ಪ್ರತಿವಾದ ಏನೇ ಇರಲಿ, ನಮ್ಮ ವಿಷಯಕ್ಕೆ ಬೇಕಾದದ್ದು ಒಂದೇ. ತಪ್ಪು ಮೊದಲು ಕಂಡದ್ದು ಯಾವ ಸಾಫ್ಟ್‌ವೇರ್‌ಗೂ ಅಲ್ಲ, ಪಟ್ಟಿಯಲ್ಲಿದ್ದ ಜನರನ್ನು ಮುಖ ನೋಡಿ ಬಲ್ಲವರಿಗೆ.

2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಗಲಾಟೆ. ಮತದಾರರ ಜಾಗೃತಿಯ ಹೆಸರಿನಲ್ಲಿ ಅನುಮತಿ ಪಡೆದಿದ್ದ ಸಂಸ್ಥೆಯೊಂದರ ಹುಡುಗರು ಬಿಎಲ್‌ಒ ಎಂದು ಗುರುತಿನ ಚೀಟಿ ತೋರಿಸಿ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ. ಅಧಿಕಾರಿಗಳ ಅಮಾನತೂ ಆಯಿತು. ಮನೆ ಬಾಗಿಲಿಗೆ ಬಂದವರು ಸರ್ಕಾರದವರಾ, ಪಕ್ಷದವರಾ, ಇನ್ಯಾರೋ ಎಂದು ಕೇಳುವ ಹಕ್ಕು ಮತದಾರರಿಗಿದೆ.

ಪಕ್ಷದ ಒಳಗಿನ ಏಣಿ

ಪಟ್ಟಿಯ ಒಂದು ಪುಟದಲ್ಲಿ ಸಾಮಾನ್ಯವಾಗಿ 30 ಹೆಸರು. ಬಿಜೆಪಿಯ ‘ಪೇಜ್ ಪ್ರಮುಖ್’ ವ್ಯವಸ್ಥೆ ಹುಟ್ಟಿದ್ದು ಇಲ್ಲಿಂದ. ಒಬ್ಬ ಕಾರ್ಯಕರ್ತನಿಗೆ ಒಂದು ಹಾಳೆ. ಆ ಹಾಳೆಯವರ ಮನೆಗೆ ಹೋಗಿ ಬರುವುದು, ಮತದಾನದ ದಿನ ಹೊರಡಿಸುವುದು ಅವನ ಹೊಣೆ. ಅದರ ಮೇಲೆ ಬೂತ್ ಸಮಿತಿ, ಕೆಲವು ಬೂತ್ ಸೇರಿ ಶಕ್ತಿ ಕೇಂದ್ರ, ಅದರ ಮೇಲೆ ಮಂಡಲ. ಕಾಂಗ್ರೆಸ್‌ನಲ್ಲಿ ಬೂತ್ ಸಮಿತಿ, ಬ್ಲಾಕ್ ಕಾಂಗ್ರೆಸ್, ಜಿಲ್ಲಾ ಸಮಿತಿ. 2023ರಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಸಹಿ ಇದ್ದ ಗ್ಯಾರಂಟಿ ಕಾರ್ಡ್‌ಗಳನ್ನು ಮನೆ ಮನೆಗೆ ಮುಟ್ಟಿಸಿದ್ದು ಈ ಜಾಲವೇ. ಎಡಪಕ್ಷಗಳಲ್ಲಿ ಶಾಖೆ. ಹೆಸರು ಬೇರೆ ಬೇರೆ, ಮಾಡುವ ಕೆಲಸ ಹೆಚ್ಚು ಕಡಿಮೆ ಒಂದೇ.

ಕಾಗದದ ಮೇಲೆ ಇವೆಲ್ಲ ಚಂದ. ಎಷ್ಟೋ ಕಡೆ ಬೂತ್ ಸಮಿತಿಯ ಹತ್ತು ಹೆಸರಲ್ಲಿ ನಿಜಕ್ಕೂ ಓಡಾಡುವವರು ಇಬ್ಬರೋ ಮೂವರೋ. ಉಳಿದವರ ಹೆಸರು ಪಟ್ಟಿ ತುಂಬಿಸಲು.

ಹಳೆಯ ಸಮಾಜವಾದಿಗಳ ಮಾದರಿ ಇನ್ನೊಂದು ಥರ. 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹದ ಬಿಸಿ ಆರುವ ಮೊದಲೇ 1952ರ ಚುನಾವಣೆ ಬಂತು. ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದರು. ‘ಒಂದು ವೋಟು, ಒಂದು ನೋಟು’, ಅಂದರೆ ವೋಟಿನ ಜೊತೆ ಚುನಾವಣಾ ಖರ್ಚಿಗೆ ಒಂದು ನೋಟನ್ನೂ ಮತದಾರರೇ ಕೊಡಿ ಎಂಬ ಮಾತನ್ನು ಮಲೆನಾಡಿನವರು ಅವರ ಹೆಸರಿನ ಜೊತೆ ಈಗಲೂ ನೆನೆಯುತ್ತಾರೆ. ಅಲ್ಲಿ ಚಳವಳಿ ಮೊದಲು, ಚುನಾವಣೆ ಆಮೇಲೆ. ಮಂಡ್ಯ ಕಡೆ ರೈತ ಸಂಘದ್ದೂ ಇದೇ ದಾರಿ. 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ದರ್ಶನ್ ಪುಟ್ಟಣ್ಣಯ್ಯ ಮೇಲುಕೋಟೆಯಲ್ಲಿ ಗೆದ್ದಾಗ ಕಾಂಗ್ರೆಸ್‌ನ ಬೆಂಬಲವೂ ಇತ್ತು, ಸಂಘದ ಹಸಿರು ಶಾಲಿನ ಬಲವೂ ಇತ್ತು.

ಪಕ್ಷಕ್ಕೆ ಸೇರದೆ ಕೆಲಸ ಮಾಡಿದವರೂ ಇದ್ದಾರೆ. ಅದೇ ಚುನಾವಣೆಯಲ್ಲಿ ‘ಎದ್ದೇಳು ಕರ್ನಾಟಕ’ ಎಂದು ಹಲವು ಜನಪರ ಸಂಘಟನೆಗಳು ಒಟ್ಟಾಗಿ ಕರಪತ್ರ ಹಂಚಿದವು, ಸಭೆ ಮಾಡಿದವು. ಇವರದ್ದು ಸ್ಪಷ್ಟವಾಗಿ ಬಿಜೆಪಿ ವಿರುದ್ಧದ ಪ್ರಚಾರ. ಹಾಗಾಗಿ ಇದನ್ನು ‘ತಟಸ್ಥ ಮತದಾರ ಜಾಗೃತಿ’ ಎಂದು ಉತ್ತರದಲ್ಲಿ ಬರೆಯಬೇಡಿ.

ಕೊನೆಯ 48 ಗಂಟೆ ಮತ್ತು ಮತದಾನದ ದಿನ

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ. ಇದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್. ಕ್ಷೇತ್ರದ ಮತದಾರರಲ್ಲದ ನಾಯಕರು, ಹೊರಗಿನಿಂದ ಬಂದ ಕಾರ್ಯಕರ್ತರು ಕ್ಷೇತ್ರ ಬಿಟ್ಟು ಹೋಗಬೇಕು. ಮೈಕ್ ಇಲ್ಲ, ಸಭೆ ಇಲ್ಲ, ಸ್ಟಾರ್ ಪ್ರಚಾರಕರು ಇಲ್ಲ. ಉಳಿಯುವುದು ಊರಿನವರು ಮಾತ್ರ, ಮನೆ ಬಾಗಿಲಲ್ಲಿ ನಿಂತು ಆಡುವ ಮಾತು ಮಾತ್ರ. ‘ಅಕ್ಕಾ, ಬೆಳಿಗ್ಗೆ ಬೇಗ ಬಂದುಬಿಡಿ, ಬಿಸಿಲಾದ್ರೆ ಕಷ್ಟ’ ಅನ್ನುವ ಮಾತು. ಹಣ, ಸೀರೆ, ಬಾಟಲಿ ಹಂಚುವುದೂ ಇದೇ ರಾತ್ರಿಗಳಲ್ಲಿ. ಅದು 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ, ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧ. ಹಂಚುವವನೂ ಕಾರ್ಯಕರ್ತನೇ ಅನ್ನುವುದನ್ನು ಮುಚ್ಚಿಡುವುದು ಬೇಡ.

ಮತದಾನದ ದಿನ ಎರಡು ತಂಡ. ಹೊರಗಿನದು ಟೇಬಲ್ ಹಾಕಿ ಕೂರುವ ತಂಡ. ಮತಗಟ್ಟೆಯಿಂದ 200 ಮೀಟರ್ ಆಚೆ, ಒಂದು ಟೇಬಲ್, ಎರಡು ಕುರ್ಚಿ, ಬಿಸಿಲಿಗೆ ಕೊಡೆ ಅಥವಾ ಟಾರ್ಪಾಲು. ಕ್ರಮ ಸಂಖ್ಯೆ ಬರೆದುಕೊಡುವ ಚೀಟಿ ಬಿಳಿ ಕಾಗದದ್ದಾಗಿರಬೇಕು, ಅದರಲ್ಲಿ ಅಭ್ಯರ್ಥಿಯ ಹೆಸರೂ ಚಿಹ್ನೆಯೂ ಇರಬಾರದು. 100 ಮೀಟರ್ ಒಳಗೆ ಮತ ಕೇಳುವುದು ಅಪರಾಧ, ಇದು 130ನೇ ಸೆಕ್ಷನ್. 100 ಮತ್ತು 200 ಎರಡನ್ನೂ ಬೆರೆಸಿಬಿಡಬೇಡಿ. ಪಕ್ಷದವರು ಮತದಾರರನ್ನು ಆಟೋ, ಜೀಪಿನಲ್ಲಿ ತುಂಬಿಕೊಂಡು ಬರುವಂತೆಯೂ ಇಲ್ಲ.

ಒಳಗೆ ಕೂರುವವರು ಪೋಲಿಂಗ್ ಏಜೆಂಟ್. ಇವರು ಬಿಎಲ್‌ಎ ಆಗಿರಲೇಬೇಕೆಂದಿಲ್ಲ. ನೇಮಿಸುವುದು ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್, ಫಾರ್ಮ್ 10ರಲ್ಲಿ. ಸರ್ಕಾರಿ ನೌಕರರು ಏಜೆಂಟ್ ಆಗುವಂತಿಲ್ಲ, 134ಎ ಸೆಕ್ಷನ್ ತಡೆಯುತ್ತದೆ. ಮತದಾನಕ್ಕೆ 90 ನಿಮಿಷ ಮೊದಲು ಅಣಕು ಮತದಾನ ಶುರು, ಕನಿಷ್ಠ 50 ಮತ ಹಾಕಿ ನೋಡಬೇಕು. ಎಣಿಕೆ ಸರಿ ಇದೆಯೇ, ಆಮೇಲೆ ಯಂತ್ರ ಶೂನ್ಯಕ್ಕೆ ಬಂತೇ, ಹಾಕಿದ ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್‌ನ ಚೀಟಿಗಳನ್ನು ತೆಗೆದರೇ ಎಂದು ಏಜೆಂಟರು ಕಣ್ಣಾರೆ ನೋಡಬೇಕು. ಚಹಾ ಕುಡಿದು ತಡವಾಗಿ ಬಂದ ಏಜೆಂಟ್ ಈ ಹಂತವನ್ನೇ ಕಳೆದುಕೊಳ್ಳುತ್ತಾನೆ.

ನಂತರ ಇಡೀ ದಿನ ಪಟ್ಟಿಯಲ್ಲಿ ಗುರುತು ಹಾಕುವ ಕೆಲಸ. ಬಂದವರು ಅವರೇ ಹೌದಾ ಎಂದು ಅನುಮಾನ ಬಂದರೆ ಆಕ್ಷೇಪ ಎತ್ತಬಹುದು. ಅದಕ್ಕೆ 2 ರೂಪಾಯಿ ಕಟ್ಟಬೇಕು, ಈ ಕಾಲದಲ್ಲೂ ಎರಡೇ ರೂಪಾಯಿ! ಮತಗಟ್ಟೆ ಅಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನ ಕೊಡುತ್ತಾರೆ. ತನ್ನ ಹೆಸರಲ್ಲಿ ಬೇರೆ ಯಾರೋ ವೋಟು ಹಾಕಿ ಹೋಗಿದ್ದಾರೆ ಎಂದು ನಿಜವಾದ ಮತದಾರ ಬಂದರೆ ಅವರಿಗೆ ಟೆಂಡರ್ ಮತ. ಅದು ಯಂತ್ರದಲ್ಲಿ ಅಲ್ಲ, ಮತಪತ್ರದಲ್ಲಿ.

ಸಂಜೆ ಎಲ್ಲಕ್ಕಿಂತ ಬೆಲೆಬಾಳುವ ಕಾಗದ ಕೈಗೆ ಬರುತ್ತದೆ, ಫಾರ್ಮ್ 17ಸಿ. ಆ ಬೂತಿನಲ್ಲಿ ಒಟ್ಟು ಎಷ್ಟು ಮತ ಬಿತ್ತು, ಯಂತ್ರದ ಸಂಖ್ಯೆ ಏನು ಎಂಬ ಲೆಕ್ಕ. ಹಾಜರಿರುವ ಪ್ರತಿ ಏಜೆಂಟ್‌ಗೂ ಇದರ ಪ್ರತಿ ಕೊಡಬೇಕು. ಎಣಿಕೆಯ ದಿನ ಪಕ್ಷದ ಕೌಂಟಿಂಗ್ ಏಜೆಂಟ್ ಆ ಪ್ರತಿ ಹಿಡಿದು ಯಂತ್ರ ತೋರಿಸುವ ಮೊತ್ತದ ಜೊತೆ ತಾಳೆ ನೋಡುತ್ತಾರೆ. ಮಧ್ಯಾಹ್ನವೇ ಎದ್ದುಹೋದ ಏಜೆಂಟ್ ಇದ್ದ ಬೂತಿನಲ್ಲಿ ಆ ಪಕ್ಷದ ಬಳಿ ತಾಳೆ ನೋಡಲು ತನ್ನದೇ ದಾಖಲೆ ಇರುವುದಿಲ್ಲ. ಇಡೀ ವ್ಯವಸ್ಥೆಯ ಪಾರದರ್ಶಕತೆ ಒಬ್ಬ ಸ್ವಯಂಸೇವಕ ಸಂಜೆವರೆಗೆ ಕೂತಿರುತ್ತಾನಾ ಎಂಬುದರ ಮೇಲೂ ನಿಂತಿದೆ.

ಪಕ್ಷ ಇಲ್ಲದ ಪಂಚಾಯಿತಿ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ನಡೆಸುವುದು ರಾಜ್ಯ ಚುನಾವಣಾ ಆಯೋಗ, ಸಂವಿಧಾನದ 243ಕೆ ವಿಧಿಯಡಿ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಹಿಳೆಯರಿಗೆ ಅರ್ಧ ಸ್ಥಾನ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಮತದಾನ ಆಗಿತ್ತು, ಬೀದರ್ ಜಿಲ್ಲೆ ಬಿಟ್ಟು ಉಳಿದೆಡೆ ಮತಪತ್ರದಲ್ಲಿ. 30ಕ್ಕೆ ಎಣಿಕೆಯಾದ ಮೇಲೆ ‘ನಮ್ಮ ಬೆಂಬಲಿತರೇ ಹೆಚ್ಚು ಗೆದ್ದರು’ ಎಂದು ಎಲ್ಲ ಪಕ್ಷದವರೂ ಹೇಳಿಕೊಂಡರು. ಚಿಹ್ನೆಯೇ ಇಲ್ಲದ ಮೇಲೆ ಯಾರು ಲೆಕ್ಕ ಕೇಳುತ್ತಾರೆ, ಅಲ್ವಾ?

ಇಲ್ಲಿ ಕಾರ್ಯಕರ್ತನ ಪಾತ್ರ ತಿರುವು ಪಡೆಯುತ್ತದೆ. ಐದು ವರ್ಷ ಬೇರೆಯವರಿಗಾಗಿ ಚೀಟಿ ಹಂಚಿದವನು ಈಗ ತಾನೇ ಅಭ್ಯರ್ಥಿ. ಒಂದೇ ಪಕ್ಷದ ಇಬ್ಬರು ಎದುರು ಬದುರು ನಿಲ್ಲುತ್ತಾರೆ. ಅಣ್ಣತಮ್ಮಂದಿರ ಜಗಳ, ಜಾತಿ, ಕೇರಿ, ನೀರಿನ ನಲ್ಲಿ, ದೇವಸ್ಥಾನದ ಮರ್ಯಾದೆ ಎಲ್ಲವೂ ಪಕ್ಷಕ್ಕಿಂತ ಮುಂದೆ ಬರುತ್ತವೆ. ಕೆಲವು ಊರುಗಳಲ್ಲಿ ಸ್ಥಾನವನ್ನೇ ಹರಾಜು ಹಾಕಿ ‘ಅವಿರೋಧ ಆಯ್ಕೆ’ ಮಾಡಿದ ಸುದ್ದಿಗಳು ಬಂದವು. ದೇವಸ್ಥಾನಕ್ಕೆ ಹಣ ಬಂದರೂ ಅದು ಮತದಾರರ ಹಕ್ಕನ್ನು ಕಸಿದುಕೊಂಡಂತೆಯೇ.

ಯಾಕೆ ದುಡಿಯುತ್ತಾರೆ?

ಸಿದ್ಧಾಂತ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಮುಖಂಡರ ಪರಿಚಯ ಇದ್ದರೆ ತಾಲ್ಲೂಕು ಕಚೇರಿಯಲ್ಲಿ, ಠಾಣೆಯಲ್ಲಿ ಮಾತು ನಡೆಯುತ್ತದೆ. ಪಕ್ಕದ ಮನೆಯ ಅಜ್ಜಿಗೆ ಪಿಂಚಣಿ ಮಾಡಿಸಿಕೊಟ್ಟರೆ ಊರಲ್ಲಿ ಹೆಸರು. ಸರ್ಕಾರ ಬಂದರೆ ಯಾವುದಾದರೂ ಸಮಿತಿಗೆ ನಾಮನಿರ್ದೇಶನ. ಮುಂದೆ ಟಿಕೆಟ್ ಸಿಗುವ ಆಸೆ. ಇದನ್ನು ಬರೀ ಸ್ವಾರ್ಥ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿಯುವವರಿಗೆ ಮೇಲೇರುವ ದಾರಿ ಬೇಡವೇ?

ಆ ದಾರಿಯೇ ನಮ್ಮಲ್ಲಿ ಮುರಿದುಹೋಗಿದೆ. ಗ್ರಾಮ ಪಂಚಾಯಿತಿಯಿಂದ ತಾಲ್ಲೂಕು, ಅಲ್ಲಿಂದ ಜಿಲ್ಲಾ ಪಂಚಾಯಿತಿ, ಅಲ್ಲಿಂದ ವಿಧಾನಸಭೆ, ಹೀಗೆ ಬಂದ ಶಾಸಕರು ಬೇಕಾದಷ್ಟು ಜನ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಿ ಪಕ್ಷದ ಚಿಹ್ನೆ ಇರುತ್ತದೆ, ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಬಿ ಫಾರ್ಮ್ ಇರುತ್ತದೆ, ಅಂದರೆ ಕಾರ್ಯಕರ್ತನಿಗೆ ಪಕ್ಷ ಕೊಡುವ ಮೊದಲ ಟಿಕೆಟ್ ಅದೇ. ಅವುಗಳಿಗೆ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು 243ಇ ವಿಧಿ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು, ಆಡಳಿತಾಧಿಕಾರಿಗಳೇ ಕೂತರು. ಬೆಂಗಳೂರಿನ ಪಾಲಿಕೆಗೂ 2015ರ ಆಗಸ್ಟ್‌ನಲ್ಲಿ ಚುನಾವಣೆ ಆಗಿ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಹೊಸ ಚುನಾವಣೆಯ ಬದಲು 2025ರಲ್ಲಿ ಬಂದದ್ದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಕೆಳಗೆ ಐದು ಪಾಲಿಕೆಗಳು. ಈ ನಡುವೆ ಶಾಸಕರ ಮನೆ ಮುಂದಿನ ಸಾಲು ಉದ್ದವಾಯಿತು. ಸದಸ್ಯರಿಲ್ಲದ ವಾರ್ಡಿನಲ್ಲಿ ಚರಂಡಿ ಕಟ್ಟಿಕೊಂಡರೂ ಜನ ಫೋನ್ ಮಾಡುವುದು ಶಾಸಕರಿಗೆ, ಇಲ್ಲವೇ ಕಳೆದ ಸಲ ಚೀಟಿ ಕೊಟ್ಟು ಹೋದ ಹುಡುಗನಿಗೆ.